ಎಡಗಡೆಯ ಸೀಟಿನ ಕಿವಿ

ಕಾರುಗಳ ವಿಮರ್ಶೆ ಬರೆಯುವವರೆಲ್ಲ ಬಲಗಡೆಯ ಸೀಟಿನಲ್ಲಿ ಕುಳಿತೇ ಬರೆಯುತ್ತಾರೆ. ಸ್ಟೀರಿಂಗ್ ಎಷ್ಟು ಹಗುರ, ಗೇರು ಎಷ್ಟು ಸಲೀಸು, ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು, ಇವೆಲ್ಲ ಅಲ್ಲಿ ಕೂತವರಿಗೆ ತಿಳಿಯುವ ಸಂಗತಿಗಳು. ಎಡಗಡೆಯ ಸೀಟು ನಮ್ಮದು. ಮಡಿಲಲ್ಲಿ ನೀರಿನ ಬಾಟಲಿ, ಕಾಲಬಳಿ ಬುತ್ತಿಯ ಚೀಲ, ಕೈಯಲ್ಲಿ ಟೋಲಿನ ಚೀಟಿ ಹಿಡಿದು ಎಷ್ಟು ಸಾವಿರ ಮೈಲಿ ತಿರುಗಿದ್ದೇವೋ! ಆದರೂ ಇಳಿದ ಮೇಲೆ "ಕಾರು ಹೇಗಿದೆ?" ಎಂದು ನಮ್ಮನ್ನು ಕೇಳಿದವರುಂಟೆ? ಹೆಚ್ಚೆಂದರೆ "ಸೊಂಟ ನೋಯಲಿಲ್ಲ ತಾನೆ?" ಎನ್ನುತ್ತಾರೆ. ಯಾರೂ ಕೇಳದಿದ್ದರೂ ನಾನೇ ಹೇಳಿಬಿಡೋಣವೆಂದು ಈ ವಿಮರ್ಶೆಗೆ ಕೂತಿದ್ದೇನೆ. ವಿಷಯ ಒಂದೇ, ಸಪ್ಪಳ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಹೋದ ವರ್ಷ ಒಂದು ಸ್ಪೋರ್ಟ್ಸ್ ಕಾರು ಕೊಂಡ. ಸೆಕೆಂಡ್ ಹ್ಯಾಂಡ್. ಯಾವ ಕಂಪನಿಯದೆಂದು ಹೇಳುವುದಿಲ್ಲ. ಎರಡು ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಹಾಗೆ ಕಾಣುವ ಗಾಡಿ. ಅದನ್ನು ಕೊಲ್ಹಾರದ ನಮ್ಮ ಓಣಿಗೆ ತಂದಾಗ ಇದ್ದೊಂದು ಹಂಪನ್ನು ದಾಟಿಸಲು ಓರೆ ಮಾಡಿ, ಹಾವಿನಂತೆ ಹರಿಸಿ ತರಬೇಕಾಯಿತು. ಗಂಡಸರು, ಹುಡುಗರು ಬಂದು ಇಂಜಿನ್ ನೋಡಿದರು. "ಒಮ್ಮೆ ರೇಸ್ ಮಾಡ್ರಿ" ಎಂದು ಕೇಳಿ ಅದರ ಗರ್ಜನೆ ಕೇಳಿಸಿಕೊಂಡು ತಲೆದೂಗಿದರು. ಎದುರುಮನೆಯ ಅಜ್ಜಿ ಮಾತ್ರ ಒಳಗೆ ಬಗ್ಗಿ ನೋಡಿ, "ಇದರಾಗ ಗಡಿಗಿ ಎಲ್ಲಿ ಇಡೂದವ್ವಾ?" ಎಂದಳು. ನಮ್ಮ ಊರಿನ ಬಗ್ಗೆ ಕೇಳಿದವರಿಗೆ ಈ ಪ್ರಶ್ನೆಯ ತೂಕ ಗೊತ್ತಾದೀತು. ಕೊಲ್ಹಾರ ಅಂದರೆ ಮೊಸರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿ, ಚಮಚ ನಿಲ್ಲಿಸಿದರೆ ನಿಲ್ಲುವಂಥ ಮೊಸರು. ವಿಜಯಪುರ-ಹುಬ್ಬಳ್ಳಿ ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಒಯ್ಯುತ್ತಾರೆ. ಊರಿಂದ ಹೊರಡುವವರ ಕೈಯಲ್ಲಿ ಅದು ಇರಲೇಬೇಕು. ನಾನೂ ಒಂದು ಗಡಿಗೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದುಕೊಂಡೇ ಹೊರಟೆ. ಅದು ಮುಂದೆ ನನ್ನ ಮಾಪನಯಂತ್ರವಾಯಿತು.

ಹೊರಟ ಕಾರಣವನ್ನೂ ಹೇಳಬೇಕು. ನಮ್ಮ ಮನೆಯವರು ಹೋಗಿ ಎರಡು ವರ್ಷವಾಗಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಹಳೆಯ ಊರು ಬಿಟ್ಟು ಹೊಸ ಊರಿಗೆ ಬಂದು ಮನೆ ಕಟ್ಟಿಕೊಂಡವರು ನಾವು. ಒಮ್ಮೆ ಬೇರು ಕಿತ್ತು ನೆಟ್ಟ ಗಿಡ. ಇನ್ನೊಮ್ಮೆ ಕೀಳಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ. ಮಗನ ಲೆಕ್ಕ ಬೇರೆ ಇತ್ತು. "ಇನ್ನ ಅಲ್ಲೇ ಇದ್ದುಬಿಡವ್ವಾ" ಎಂದು ಫೋನಿನಲ್ಲಿ ಹೇಳುತ್ತಿದ್ದ. ನಾನು "ನೋಡೂಣು" ಎನ್ನುತ್ತಿದ್ದೆ. ಇಂಥ ಮಾತು ಫೋನಿನಲ್ಲಿ ಆಡುವಂಥದಲ್ಲ, ಮನೆಯಲ್ಲಿ ಸೊಸೆಯ ಎದುರಿಗೆ ಆಡಿದರೆ ಅವಳ ಮನಸ್ಸು ನೊಂದೀತು. ದಾರಿ 550 ಕಿಲೋಮೀಟರಿಗೂ ಹೆಚ್ಚು. ಒಂಬತ್ತು-ಹತ್ತು ತಾಸು ಅವನು ನನ್ನ ಪಕ್ಕದಲ್ಲಿ ಕೂತಿರುತ್ತಾನೆ, ಕೈಯಲ್ಲಿ ಫೋನು ಇರುವುದಿಲ್ಲ, ಎದ್ದು ಹೋಗುವಂತಿಲ್ಲ. ತಾಯಂದಿರಿಗೆ ಇಂಥ ಅವಕಾಶ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ. ಒಂದು ತಿಂಗಳಿಗೆ ಸಾಕಾಗುವಷ್ಟೇ ಸೀರೆ ಇಟ್ಟುಕೊಂಡು ಕಾರು ಹತ್ತಿದೆ.

ಊರು ದಾಟುತ್ತಿದ್ದಂತೆ ಕೃಷ್ಣೆಯ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೀರು ನೋಡುತ್ತ ಸುಖವಾಗಿ ದಾಟುವ ಸೇತುವೆ ಅದು. ಈ ಕಾರಿನಲ್ಲಿ ಸೇತುವೆಯ ಒಂದೊಂದು ಬೆಸುಗೆಯೂ ಬೆನ್ನುಹುರಿಗೆ ಬಡಿದು ಹೇಳಿ ಹೋಯಿತು. ಧಡ್, ಧಡ್, ಧಡ್. ಗಡಿಗೆಯ ಮೇಲಿನ ಸ್ಟೀಲಿನ ಮುಚ್ಚಳ ಪ್ರತಿ ಸಲವೂ ಉತ್ತರ ಕೊಟ್ಟಿತು. ಸೇತುವೆ ಮುಗಿದ ಮೇಲೆ ಬಡಿತ ನಿಂತಿತು, ಆದರೆ ಅದರ ಜಾಗಕ್ಕೆ ಬಿಡುವೇ ಇಲ್ಲದ ಒಂದು ಗುಂಯ್ ಎನ್ನುವ ಮೊರೆತ ಬಂದು ಕೂತಿತು. ಬೀಳಗಿ ಕ್ರಾಸ್ ಹೋಯಿತು, ಗದ್ದನಕೇರಿ ಹೋಯಿತು, ಕೆರೂರು ಬಂತು, ಅದು ಹೋಗಲಿಲ್ಲ. ಇಂಜಿನ್ನಿನ ಸದ್ದು ಎಂದು ಮೊದಲು ನಾನೂ ತಿಳಿದೆ. ಆಮೇಲೆ ಇಳಿಜಾರಿನಲ್ಲಿ ಮಗ ಕಾಲು ತೆಗೆದಾಗ ಇಂಜಿನ್ ಸುಮ್ಮನಾಯಿತು, ಮೊರೆತ ಹಾಗೇ ಇತ್ತು. ಅದು ರಸ್ತೆಯ ಸದ್ದು. ಡಾಂಬರು ಹೊಸದಾಗಿ ನುಣುಪಾಗಿದ್ದಲ್ಲಿ ತಗ್ಗುತ್ತಿತ್ತು, ಕಡಿ ಮೇಲೆದ್ದ ಒರಟು ರಸ್ತೆಯಲ್ಲಿ ಏರುತ್ತಿತ್ತು, ಸಿಮೆಂಟಿನ ತುಂಡು ಬಂದರೆ ಸಿಳ್ಳಿನಂತೆ ಕೊರೆಯುತ್ತಿತ್ತು.

ಕುಳಗೇರಿ ಕ್ರಾಸ್ ದಾಟಿದ ಮೇಲೆ ಮಾತು ತೆಗೆದೆ. "ತಮ್ಮಾ, ನಿನಗೊಂದು ಹೇಳೂದೈತಿ" ಎಂದೆ.

"ಆಂ?"

"ಹೇಳೂದೈತಿ ಅಂದೆ!"

"ಹೇಳ್ರಿ, ಕೇಳವಲ್ತು, ಜೋರಾಗಿ ಹೇಳ್ರಿ!"

ಓದುವ ನೀವೇ ಹೇಳಿ, ಮಗನ ಮನೆಯಲ್ಲಿ ಇರಲು ಮನಸ್ಸಿಲ್ಲ ಎನ್ನುವ ಮಾತನ್ನು ಜೋರಾಗಿ ಹೇಳುವುದು ಹೇಗೆ? ಕೂಗಿ ಹೇಳಿದರೆ ಅದು ಜಗಳದ ಮಾತಾಗುತ್ತದೆ. ಮೆಲ್ಲಗೆ ಆಡಿದರೆ ಮಾತ್ರ ಅದರಲ್ಲಿರುವ ಪ್ರೀತಿ ಕೇಳಿಸುವುದು. ನರಗುಂದದವರೆಗೆ ಸುಮ್ಮನೆ ಕೂತೆ. ಆಮೇಲೆ ನವಲಗುಂದದ ಕಡೆಗೆ ಹೋಗುವಾಗ ಧೈರ್ಯ ಮಾಡಿ, ಗಂಟಲನ್ನು ಸ್ವಲ್ಪ ಏರಿಸಿ, "ನಾ ಒಂದ್ ತಿಂಗಳ ಮ್ಯಾಲೆ ಅಲ್ಲಿ ಇರಾಂಗಿಲ್ಲೋ" ಎಂದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ನಕ್ಕು, "ಹ್ಞೂಂ ಹ್ಞೂಂ, ಇರು, ಛಲೋ ಆತು" ಎಂದ. ಹುಬ್ಬಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಹೆಂಡತಿಗೆ ಫೋನು ಮಾಡಿ, "ಅವ್ವ ಒಪ್ಪಿದ್ಲು, ಇಲ್ಲೇ ಇರತಾಳಂತ" ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಚಹಾದ ಕಪ್ಪು ಕೈಯಲ್ಲಿ ಹಿಡಿದು ನಾನು ಬಾಯಿ ಮುಚ್ಚಿಕೊಂಡೆ.

ಆ ರಾತ್ರಿ ಮಲಗಿ ಯೋಚಿಸಿದಾಗ ಒಂದು ಸಂಗತಿ ಹೊಳೆಯಿತು. ನಮ್ಮ ಕನ್ನಡದಲ್ಲಿ 'ಇಲ್ಲ' ಎಂಬುದು ಮಾತಿನ ಬಾಲದಲ್ಲಿರುತ್ತದೆ. 'ಇರ' ಎನ್ನುವವರೆಗೆ ಹೌದೂ ಒಂದೇ, ಅಲ್ಲವೂ ಒಂದೇ. ಕೊನೆಯ ಎರಡಕ್ಷರದಲ್ಲಿ ಎಲ್ಲ ತೀರ್ಮಾನ. ಮಾತಿನ ಕೊನೆಗೆ ಬಂದಂತೆ ದನಿ ತಾನಾಗಿ ಇಳಿಯುತ್ತದೆ, ಅದರಲ್ಲೂ ಬೇಡದ ಮಾತು ಹೇಳುವ ಹೆಂಗಸಿನ ದನಿ ಇನ್ನಷ್ಟು ಇಳಿಯುತ್ತದೆ. ಟೈರಿನ ಮೊರೆತ ಮೊದಲು ತಿನ್ನುವುದು ಆ ಬಾಲವನ್ನೇ. ಕಾರಿನ ತಯಾರಕರಿಗೆ ಇದು ಗೊತ್ತಿರಲಿಕ್ಕಿಲ್ಲ.

ಹಾಗೆಂದು ಈ ಕಾರಿನಲ್ಲಿ ಗುಣವೇ ಇಲ್ಲವೆನ್ನಲಾರೆ. ಸೀಟು ಮೈಯನ್ನು ಅಪ್ಪಿ ಹಿಡಿಯುತ್ತದೆ, ತಿರುವಿನಲ್ಲಿ ಅತ್ತಿತ್ತ ತೂಗುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ. ಲಾರಿಯನ್ನು ದಾಟುವಾಗ ಇಂಜಿನ್ ಒಮ್ಮೆ ದನಿ ಎತ್ತಿ ಹಾಡುತ್ತದೆ. ಅದನ್ನು ಕೇಳಿ ನನಗೂ ಹುಮ್ಮಸ್ಸು ಬಂದದ್ದು ಸುಳ್ಳಲ್ಲ. ಆದರೆ ಇಂಜಿನ್ ಹಾಡಿ ಸುಮ್ಮನಾಗುತ್ತದೆ, ರಸ್ತೆ ಸುಮ್ಮನಾಗುವುದಿಲ್ಲ. "ಸ್ಪೋರ್ಟ್ಸ್ ಕಾರು ಅಂದಮ್ಯಾಲೆ ಸಪ್ಪಳ ಇರಬೇಕವ್ವಾ" ಎಂದು ಮಗ ವಾದಿಸಿದಾಗ ಅವನು ಈ ಎರಡು ಸದ್ದುಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದ. ಮಗ ಒಬ್ಬನೇ ಅಲ್ಲ, ಕಾರು ಮಾರುವವರೂ ಹಾಗೇ ಕಟ್ಟುತ್ತಾರೆ.

ಅವರ ನಡೆ ನೋಡಿದರೆ ತಮಾಷೆಯಾಗಿದೆ. ಜಾಹೀರಾತಿನ ಲೋಕದಲ್ಲಿ ದೊಡ್ಡ ಹೆಸರಾದ ಡೇವಿಡ್ ಓಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಒಂದು ಜಾಹೀರಾತು ಬರೆದ. ಗಂಟೆಗೆ 60 ಮೈಲಿ ವೇಗದಲ್ಲೂ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳುವುದು ಗಡಿಯಾರದ ಸದ್ದು ಎಂಬುದು ಅದರ ಸಾರ. ಅಲ್ಲಿಂದ ಮೌನವೆಂಬುದು ಸಿರಿವಂತರ ಸರಕಾಯಿತು. ಇತ್ತ ಸ್ಪೋರ್ಟ್ಸ್ ಕಾರಿನವರು ಸದ್ದನ್ನೇ ಮಾರಿದರು. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಕಾರಿನಲ್ಲಿ ಒಳಗೆ ಬಹಳ ನಿಶ್ಶಬ್ದವಾಯಿತೆಂದು ಇಂಜಿನ್ನಿನ ಸದ್ದನ್ನು ಸ್ಪೀಕರಿನ ಮೂಲಕ ಒಳಗೆ ಕೇಳಿಸುವ ಏರ್ಪಾಡು ಮಾಡಿದರು! ಬಲಗಡೆಯವರ ಕಿವಿಗೆ ಹಿತವಾದ ಸದ್ದು ಕಡಿಮೆಯಾದರೆ ಯಂತ್ರ ಕೂರಿಸಿ ಕೊಡುತ್ತಾರೆ. ಎಡಗಡೆಯವರ ಕಿವಿಗೆ ಬೇಡದ ಸದ್ದು ಹೆಚ್ಚಾದರೆ ಹಾಡಿನ ವಾಲ್ಯೂಮ್ ಏರಿಸುತ್ತಾರೆ.

ನಮ್ಮವರೂ ಸ್ಪೋರ್ಟ್ಸ್ ಕಾರು ಮಾಡಿದ್ದುಂಟು. ಸ್ಯಾನ್ ಮೋಟರ್ಸ್‌ನವರು 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಚಿಕ್ಕ ಕಾರು ಹೊರತಂದರು. ಫೈಬರಿನ ಮೈ, ಮಡಚುವ ಮಾಡು. ಅಂಥ ಮಾಡಿನ ಕೆಳಗೆ ಕೂತು ಹುಬ್ಬಳ್ಳಿಗೆ ಹೋದವರು ಏನು ಮಾತಾಡಿಕೊಂಡರೋ, ಏನು ಕೇಳಿಸಿಕೊಂಡರೋ! ಇಂಜಿನ್ನೇ ಇಲ್ಲದ ವಿದ್ಯುತ್ ಕಾರು ಬಂದರೆ ಎಲ್ಲ ಸುಮ್ಮನಾದೀತು ಎಂದು ನಾನು ತಿಳಿದಿದ್ದೆ. 2001ರಲ್ಲೇ ಬೆಂಗಳೂರಿನ ರೇವಾ ಬಂತಲ್ಲ. ಆದರೆ ವಿದ್ಯುತ್ ಕಾರಿನಲ್ಲಿ ಹೆದ್ದಾರಿಗೆ ಬಿದ್ದರೆ ಟೈರಿನ ಮೊರೆತ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಮುಚ್ಚಿಡುತ್ತಿದ್ದ ಇಂಜಿನ್ ಸದ್ದು ಅಲ್ಲಿಲ್ಲ. ಮನೆಯಲ್ಲಿ ಫ್ಯಾನು ನಿಂತಾಗ ನಲ್ಲಿಯ ತೊಟ್ಟಿಕ್ಕುವಿಕೆ ಕೇಳಿದ ಹಾಗೆ.

ಸೊಸೆ ನನ್ನ ಪಾರಾಗಿ ಬಂದವಳು. ಬೆಂಗಳೂರು ಮುಟ್ಟಿದ ಮೂರನೇ ದಿನ ನಾನು ಮೆಲ್ಲಗೆ "ಆ ಕಾರಿನಾಗ ಮಾತಾಡಾಕ ಆಗೂದಿಲ್ಲವ್ವಾ" ಎಂದಾಗ ಅವಳು, "ಅತ್ತೀ, ನಾನೂ ಆರು ತಿಂಗಳಿಂದ ಅದನ್ನೇ ಹೇಳಾಕತ್ತೀನಿ, ಅವರಿಗೆ ಅದೂ ಕೇಳಸಿಲ್ಲ" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಸೇರಿ ಆ ಕಾರಿನ ಹಿಂದೆ ಬಿದ್ದೆವು.

ಮೊದಲು ಒಂದು ಅಂಗಡಿಗೆ ಹೋದೆವು. ಸದ್ದು ತಗ್ಗಿಸುವ ಮ್ಯಾಟ್ ಅಂಟಿಸುವ ಅಂಗಡಿ. ಅಲ್ಲಿಯ ಹುಡುಗ ಕಾರನ್ನು ಸುತ್ತಿ ಕೂಡ ನೋಡಲಿಲ್ಲ. "ಪೂರ್ತಿ ಹಾಕಿಸಿ ಮೇಡಂ, ಬಾಗಿಲು, ನೆಲ, ಮಾಡು, ಡಿಕ್ಕಿ, ಮೂರು ಪದರ. ಒಳಗೆ ದೇವಸ್ಥಾನದ ಗರ್ಭಗುಡಿ ಇದ್ದಂಗಿರುತ್ತೆ" ಎಂದ. ಎಷ್ಟು ತೂಕವಾಗುತ್ತದೆಂದು ಸೊಸೆ ಕೇಳಿದಳು. ನಲವತ್ತು ಕಿಲೋ ಆಗಬಹುದೆಂದ. ಮಗನ ಮುಖ ಬಾಡಿತು. ಹಗುರವಾಗಿರುವುದೇ ಆ ಕಾರಿನ ಜೀವ, ಅದಕ್ಕೆ ಒಬ್ಬ ಮನುಷ್ಯನ ತೂಕ ಹೇರಿದರೆ ಅದು ಆ ಕಾರಾಗಿ ಉಳಿಯುವುದಿಲ್ಲ. ಇಲ್ಲಿ ನಾನು ಮಗನ ಪಕ್ಷ. ರೋಗ ಎಲ್ಲಿದೆಯೆಂದು ನೋಡದೆ ಮೈತುಂಬ ಪಟ್ಟಿ ಸುತ್ತುವ ವೈದ್ಯನ ಬಳಿ ಯಾರು ಹೋಗುತ್ತಾರೆ?

ರೋಗ ಹುಡುಕಲು ನಮಗೆ ಅಡಿಗೆಮನೆಯ ತಿಳಿವಳಿಕೆ ಸಾಕಾಯಿತು. ಮಿಕ್ಸಿ ಹಚ್ಚಿದಾಗ ಎರಡು ಥರದ ಸದ್ದು ಬರುತ್ತದೆ, ಗಮನಿಸಿದ್ದೀರಾ? ಒಂದು ಗಾಳಿಯಲ್ಲಿ ಬರುವುದು. ಅಡಿಗೆಮನೆಯ ಬಾಗಿಲು ಮುಚ್ಚಿದರೆ ಕಡಿಮೆಯಾಗುತ್ತದೆ. ಇನ್ನೊಂದು ಕಟ್ಟೆಯ ಕಲ್ಲಿನ ಮೂಲಕ ಹರಿದು ಡಬ್ಬಿಗಳನ್ನೆಲ್ಲ ನಡುಗಿಸುವುದು. ಬಾಗಿಲು ಮುಚ್ಚಿದರೂ ಅದು ಹೋಗುವುದಿಲ್ಲ, ಮಿಕ್ಸಿಯ ಕೆಳಗೆ ದಪ್ಪ ಬಟ್ಟೆ ಮಡಚಿ ಇಟ್ಟರೆ ಹೋಗುತ್ತದೆ. ಕಾರಿನಲ್ಲೂ ಹಾಗೇ. ಟೈರು ರಸ್ತೆಗೆ ಉಜ್ಜುವ ಸರ್ ಎನ್ನುವ ಸದ್ದು ಗಾಳಿಯಲ್ಲಿ, ಸಂದುಗಳಿಂದ, ಗಾಜಿನಿಂದ ಒಳಗೆ ಬರುತ್ತದೆ. ಗುಂಯ್ ಎನ್ನುವ ದಪ್ಪ ಸದ್ದು ಚಕ್ರದಿಂದ ಲೋಹದ ಮೂಲಕ ಹರಿದು ಬಂದು ತಗಡನ್ನು ನಡುಗಿಸುತ್ತದೆ. ಸಾಧಾರಣ ಕಾರಿನಲ್ಲಿ ಹಿಂದಿನ ಚಕ್ರಕ್ಕೂ ನಮ್ಮ ಕಿವಿಗೂ ನಡುವೆ ಒಂದು ಹಿಂದಿನ ಸೀಟು, ಅದರ ಸ್ಪಂಜು, ಡಿಕ್ಕಿ ಎಲ್ಲ ಇರುತ್ತವೆ. ಎರಡು ಸೀಟಿನ ಕಾರಿನಲ್ಲಿ ಚಕ್ರ ನಮ್ಮ ಬೆನ್ನ ಹಿಂದೆಯೇ. ಸಾಲದ್ದಕ್ಕೆ ಅಗಲವಾದ ಟೈರು, ಗಿಡ್ಡ ರಬ್ಬರಿನ ಗೋಡೆ, ಗಟ್ಟಿ ಸ್ಪ್ರಿಂಗು. ಕಡಿಕಲ್ಲಿನ ಪೆಟ್ಟನ್ನು ನುಂಗಿಕೊಳ್ಳಬೇಕಾದ ಮೆತ್ತನೆಯದೆಲ್ಲವನ್ನೂ ತಿರುವಿನ ಚುರುಕಿಗಾಗಿ ತೆಗೆದಿದ್ದಾರೆ.

ಸೊಸೆ ಓಡಿಸಿದಳು, ನಾನು ಕೈಯಿಂದ ಕೇಳಿದೆ. ಅಂದರೆ ತುಮಕೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಬಾಗಿಲು, ಸೀಟಿನ ಹಿಂದಿನ ಹಲಗೆ, ಚಕ್ರದ ಮೇಲಿನ ಉಬ್ಬು ಒಂದೊಂದನ್ನೇ ಅಂಗೈಯಿಂದ ಒತ್ತಿ ಹಿಡಿದೆ. ಬಾಗಿಲು ಒತ್ತಿದರೆ ಏನೂ ವ್ಯತ್ಯಾಸವಿಲ್ಲ. ಹಿಂದಿನ ಉಬ್ಬಿನ ಮೇಲೆ ಕೈಯಿಟ್ಟಾಗ ಅಂಗೈಯಲ್ಲಿ ಜೇನುಗೂಡು ಇಟ್ಟಂತಾಯಿತು, ಒತ್ತಿದರೆ ಸದ್ದು ಸ್ವಲ್ಪ ಇಳಿಯಿತು. ಊಟದ ತಾಟನ್ನು ಚಮಚದಿಂದ ಹೊಡೆದು ಬೆರಳಿಟ್ಟು ನೋಡಿ. ತಾಟಿಗೆಲ್ಲ ಕೈ ಮುಚ್ಚಬೇಕಾಗಿಲ್ಲ, ಅಂಚಿಗೆ ಒಂದು ಬೆರಳು ತಾಗಿದರೂ ನಾದ ನಿಲ್ಲುತ್ತದೆ. ಬ್ಯೂಟೈಲ್ ರಬ್ಬರಿನ ಮೇಲೆ ಅಲ್ಯುಮಿನಿಯಂ ಹಾಳೆ ಹಚ್ಚಿದ ಆ ಮ್ಯಾಟಿನ ಕೆಲಸ ಇಷ್ಟೇ, ಆ ಬೆರಳಿನ ಕೆಲಸ. ತಗಡಿನ ಕಾಲುಭಾಗ ಮುಚ್ಚಿದರೂ ಬಹುಪಾಲು ಲಾಭ ಸಿಕ್ಕಿಬಿಡುತ್ತದೆ. ಮೂರು ಪದರ ಮಾಡಿಗೂ ಹೊಡೆಯಿರಿ ಎನ್ನುವವನು ತನ್ನ ವ್ಯಾಪಾರದ ಮಾತಾಡುತ್ತಿದ್ದಾನೆ. ಇನ್ನೊಂದು ಮಾತು, ಆ ಮ್ಯಾಟು ತಗಡಿನ ನಾದವನ್ನು ನಿಲ್ಲಿಸುತ್ತದೆಯೇ ಹೊರತು ಹೊರಗಿನ ಸದ್ದಿಗೆ ಗೋಡೆಯಾಗುವುದಿಲ್ಲ.

ಆದರೆ ಮ್ಯಾಟಿಗಿಂತ ಮೊದಲು ಟೈರು ನೋಡಬೇಕಿತ್ತು. ಸೊಸೆ ಕೂತು ಟೈರಿನ ಮೇಲೆ ಅಂಗೈ ಆಡಿಸಿದಳು. ಒಂದು ಕಡೆಗೆ ಸವರಿದರೆ ನುಣುಪು, ಹಿಂದಕ್ಕೆ ಸವರಿದರೆ ಗರಗಸದ ಹಲ್ಲು. ಹಾಗೆ ಏರುಪೇರಾಗಿ ಸವೆದ ಟೈರು ರಸ್ತೆಗೆ ತಾಗಿದಾಗಲೆಲ್ಲ ಒಂದೊಂದು ಹಲ್ಲೂ ಬಡಿಯುತ್ತದೆ. ಗಾಳಿಯನ್ನೂ ಬಾಗಿಲ ಕಂಬದ ಮೇಲೆ ಕಂಪನಿ ಬರೆದದ್ದಕ್ಕಿಂತ ಹೆಚ್ಚು ತುಂಬಿಸಿದ್ದರು. ಬಿಗಿಯಾದ ಟೈರು ತಮಟೆಯ ಹಾಗೆ. (ಸದ್ದು ಕಡಿಮೆಯಾಗಲೆಂದು ಬರೆದದ್ದಕ್ಕಿಂತ ಕಡಿಮೆ ತುಂಬಿಸಬೇಡಿ, ಅದು ಅಪಾಯ.) ಹೊಸ ಟೈರು ಕೊಳ್ಳಲು ಹೋದಾಗ ಮಾರುವವನು ಯುರೋಪಿನ ಒಂದು ಚೀಟಿ ತೋರಿಸಿ, ಅದರಲ್ಲಿ ಡೆಸಿಬೆಲ್ ಅಂಕಿ ಕಡಿಮೆ ಇದೆ, ಒಳಗೆ ಸದ್ದೇ ಬರುವುದಿಲ್ಲ ಎಂದ. 2012ರಿಂದ ಅಲ್ಲಿ ಟೈರಿಗೆ ಹಚ್ಚುವ ಆ ಚೀಟಿಯಲ್ಲಿ ಇರುವುದು ಹೊರಗಿನ ಸದ್ದು, ರಸ್ತೆಯ ಪಕ್ಕ ನಿಂತವನಿಗೆ ಕೇಳುವುದು. ಒಳಗೆ ಕೂತವರಿಗೆ ಎಷ್ಟು ಕೇಳುತ್ತದೆಂದು ಅದು ಹೇಳುವುದಿಲ್ಲ. ಸೊಸೆ ಅದನ್ನು ಮೊದಲೇ ಓದಿಕೊಂಡಿದ್ದಳು. ಅವನು ಚೀಟಿಯನ್ನು ಮಡಚಿ ಒಳಗಿಟ್ಟ.

ನಾಲ್ಕು ಟೈರು ಬದಲಾಯಿತು, ಅಲೈನ್‌ಮೆಂಟ್ ಸರಿಮಾಡಿಸಿದೆವು. ಹಿಂದಿನ ಎರಡು ಉಬ್ಬು ಮತ್ತು ಸೀಟಿನ ಹಿಂದಿನ ಹಲಗೆಗೆ ಮಾತ್ರ ಮ್ಯಾಟು, ಅದರ ಮೇಲೆ ನೀರು ಹೀರದ ಫೋಮ್. ಮೂರೂವರೆ ಕಿಲೋದೊಳಗೆ ಮುಗಿಯಿತು. ಬಾಗಿಲ ಒಳಗೆ ಸಾದಾ ಸ್ಪಂಜು ತುರುಕಿಸಿಕೊಳ್ಳುವವರಿದ್ದಾರೆ. ಅದು ಮಳೆನೀರು ಕುಡಿದು ತಗಡಿಗೆ ತುಕ್ಕು ತರುತ್ತದೆ. ಬಾಗಿಲಿನ ಕೆಳಗಿನ ತೂತುಗಳು ನೀರು ಹೋಗಲೆಂದೇ ಇರುವವು, ಮುಚ್ಚಬಾರದು. ಬಾಗಿಲ ಅಂಚಿನ ರಬ್ಬರು ಪಟ್ಟಿ ಚೆನ್ನಾಗಿದೆಯೋ ಇಲ್ಲವೋ ನೋಡಲು ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ ಸಾಕು. ನನ್ನ ಬದಿಯಲ್ಲಿ ಮೇಲಿನ ಮೂಲೆಯಲ್ಲಿ ಕಾಗದ ಸಲೀಸಾಗಿ ಬಂತು. ಬಲಗಡೆ ಬರಲಿಲ್ಲ! ಪಟ್ಟಿ ಬದಲಿಸಿದ ಮೇಲೆ ಗಾಳಿಯ ಸಿಳ್ಳು ಹೋಯಿತು.

ಕೊನೆಗೆ ನನ್ನ ಕಾಣಿಕೆ ಒಂದು ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು. ನಮ್ಮ ಅವ್ವನ ಕಾಲದಲ್ಲಿ ಜಾತ್ರೆಗೆ ಹೊರಟ ಚಕ್ಕಡಿಯಲ್ಲಿ ಹುಲ್ಲು ಹಾಸಿ ಅದರ ಮೇಲೆ ಕೌದಿ ಹಾಸುತ್ತಿದ್ದರು. ಚಕ್ಕಡಿಯ ಗಾಲಿ ಕಬ್ಬಿಣದ ಪಟ್ಟಿಯದು, ಸಪ್ಪಳ ಬೇಕಾದಷ್ಟಿತ್ತು. ಆದರೂ ಹೆಂಗಸರು ದಾರಿಯುದ್ದಕ್ಕೂ ಮಾತಾಡುತ್ತಲೇ ಹೋಗುತ್ತಿದ್ದರು. ಎತ್ತಿನ ವೇಗ ಮಾತಿನ ವೇಗಕ್ಕೆ ಸರಿಹೋಗುತ್ತಿತ್ತು. ಕೌದಿಯನ್ನು ಸೀಟಿನ ಹಿಂದೆ ಮಡಚಿ ಇಟ್ಟೆವು. ಅದು ಸರ್ ಎನ್ನುವ ತೆಳು ಸದ್ದನ್ನು ನುಂಗಿತು. ಗುಂಯ್ ಎನ್ನುವುದನ್ನು ಅದರಿಂದ ಏನೂ ಮಾಡಲಾಗಲಿಲ್ಲ. ದಪ್ಪ ಸದ್ದಿಗೆ ಬಟ್ಟೆ ಅಡ್ಡ ಬರುವುದಿಲ್ಲ. ನನ್ನ ಕೌದಿಯೆಂದು ಹೊಗಳಿದರೆ ವಿಮರ್ಶೆ ಸುಳ್ಳಾದೀತು.

ಸೊಸೆ ಫೋನಿನಲ್ಲಿ ಅಳೆದಳು. ಅದೇ ರಸ್ತೆ, ಅದೇ 80ರ ವೇಗ. ಮೊದಲು 74 ಡೆಸಿಬೆಲ್ ಇದ್ದದ್ದು ಟೈರಿನಿಂದ 71ಕ್ಕೆ ಬಂತು, ಉಳಿದದ್ದೆಲ್ಲ ಸೇರಿ 70 ಆಯಿತು. ಫೋನಿನ ಅಂಕಿಯನ್ನು ಬಂಗಾರದ ತಕ್ಕಡಿಯಂತೆ ನಂಬಬಾರದು, ಮೊದಲು-ಆಮೇಲೆ ಹೋಲಿಸಲು ಆದೀತು. ಎದುರುಬದುರು ಕೂತು ಆಡುವ ಮಾತು 60ರ ಆಸುಪಾಸು ಇರುತ್ತದೆ. ಕಿವಿಗೆ ಕೆಡುಕು ಶುರುವಾಗುವುದು 85ರಲ್ಲಿ ದಿನಕ್ಕೆ ಎಂಟು ತಾಸು ಇದ್ದರೆ ಎಂದು ಲೆಕ್ಕ ಹಾಕುತ್ತಾರೆ. ಹಾಗೆ ನೋಡಿದರೆ ನಮ್ಮ ಕಾರು ಕಿವಿ ಕೆಡಿಸುವಂಥದಾಗಿರಲಿಲ್ಲ. ಇದನ್ನೇ ಹಿಡಿದು "ಏನೂ ತೊಂದರೆಯಿಲ್ಲ" ಎನ್ನುವವರಿದ್ದಾರೆ. ಕಿವಿಗೆ ತೊಂದರೆಯಿಲ್ಲ, ಮಾತಿಗೆ ಇದೆ. ಡಾಕ್ಟರ ಪಟ್ಟಿಯಲ್ಲಿ ಮಾತಿಗೆ ಕಲಂ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ದಿನ ಸೊಸೆ 110ರಲ್ಲಿ ಹೋಗಿ ಅಳೆದಳು, ಮತ್ತೆ 80ಕ್ಕೆ ಇಳಿದು ಅಳೆದಳು. ಐದರ ಹತ್ತಿರ ವ್ಯತ್ಯಾಸ! ಟೈರು, ಮ್ಯಾಟು, ಪಟ್ಟಿ, ಕೌದಿ ಎಲ್ಲ ಸೇರಿ ಮಾಡಿದ್ದಕ್ಕಿಂತ ಹೆಚ್ಚು, ಒಂದು ಪೈಸೆ ಖರ್ಚಿಲ್ಲದೆ. ವೇಗ ಎರಡರಷ್ಟಾದರೆ ಟೈರಿನ ಸದ್ದು ಸುಮಾರು ಹತ್ತು ಡೆಸಿಬೆಲ್ ಏರುತ್ತದೆ, ಹತ್ತು ಏರಿದರೆ ಕಿವಿಗೆ ಎರಡರಷ್ಟು ಕೇಳುತ್ತದೆ. ಯಾವ ಅಂಗಡಿಯವನೂ ಇದನ್ನು ನಮಗೆ ಹೇಳಲಿಲ್ಲ, ಹೇಳಿದರೆ ಅವನು ಮಾರುವುದೇನನ್ನು? ಸೊಸೆ ಆ ಎರಡು ಅಂಕಿಯನ್ನು ಮಗನಿಗೆ ತೋರಿಸಿದಳು. ಅವನು ಬಹಳ ಹೊತ್ತು ನೋಡಿ, "ಎಂಬತ್ತರಾಗ ಹೋಗಾಕ ಈ ಕಾರು ಯಾಕ ಬೇಕು?" ಎಂದ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.

ಬಂದು ಐದು ವಾರವಾಗಿತ್ತು. ಊರಿನಲ್ಲಿ ಬ್ಯಾಂಕಿನ ಕೆಲಸವಿದೆಯೆಂದು ನೆವ ಹೇಳಿದೆ, ಮಗ ನಾಲ್ಕು ದಿನ ರಜೆ ಹಾಕಿ ಕರೆದುಕೊಂಡು ಹೊರಟ. ವಾಪಸು ಕರೆತರುವುದೆಂದೇ ಅವನ ಎಣಿಕೆ. ಚಿತ್ರದುರ್ಗ ದಾಟಿತು, ದಾವಣಗೆರೆ, ರಾಣೆಬೆನ್ನೂರು ದಾಟಿತು. ಅವನು ಅಣ್ಣನಂತೆ ತೊಂಬತ್ತರ ಮೇಲೆ ಏರಿಸಲಿಲ್ಲ, ಅವಳು ಹೇಳಿ ಕಳಿಸಿದ್ದಳೆಂದು ಕಾಣುತ್ತದೆ. ಅವನ ಕಚೇರಿಯ ಕಿರಿಕಿರಿ, ನಮ್ಮ ಮನೆಯವರ ಹಳೆಯ ಸೈಕಲ್ಲು, ನೀರು ಬಂದ ವರ್ಷ ಹಳೆ ಊರಿನ ಮನೆಯ ತೊಲೆ ಬಿಚ್ಚಿ ತಂದದ್ದು, ಏನೇನೋ ಮಾತು ಬಂತು. ಎಷ್ಟೋ ವರ್ಷಕ್ಕೆ ಅವನ ದನಿಯನ್ನು ಅಷ್ಟು ಹೊತ್ತು ಕೇಳಿದೆ. ಸೀಟ್ ಬೆಲ್ಟಿನ ಕೊಂಡಿ ಮಾತ್ರ ಟಿಕ್ ಟಿಕ್ ಅನ್ನುತ್ತಿತ್ತು, ಕರವಸ್ತ್ರ ಸಿಕ್ಕಿಸಿದೆ.

ಹುಬ್ಬಳ್ಳಿ ಬಿಟ್ಟ ಮೇಲೆ ಕರಿಮಣ್ಣಿನ ಸೀಮೆ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಆ ಮಣ್ಣು ರಸ್ತೆಯನ್ನು ಅಲೆ ಅಲೆಯಾಗಿ ಮಾಡಿರುತ್ತದೆ. ಅಲ್ಲಿ ಮೊರೆತ ಮತ್ತೆ ಎದ್ದಿತು. ಹೋಗುವಾಗ ನನ್ನ ಮಾತು ಕಳೆದುಹೋದದ್ದು ಇಲ್ಲೇ. ಈ ಸಲ 'ಇಲ್ಲ'ವನ್ನು ಬಾಲದಲ್ಲಿ ಇಡಬಾರದೆಂದು ಲೆಕ್ಕ ಹಾಕಿಕೊಂಡಿದ್ದೆ. "ಕೊಲ್ಹಾರದಾಗ ಇರತೀನಿ ತಮ್ಮಾ ನಾನು" ಎಂದೆ. "ಹೋದ ಸಲಾನೂ ಅದನ್ನ ಹೇಳಿದ್ದೆ. ನಿನಗ ಕೇಳಸಲಿಲ್ಲ."

ಅವನು ಕಾಲು ತೆಗೆದ. ಕಾರು ತಾನಾಗಿ ನಿಧಾನವಾಗುತ್ತ ಅರವತ್ತಕ್ಕೆ, ಐವತ್ತಕ್ಕೆ ಬಂತು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ದಾಟಿ ಹೋದ.

"ಈಗ ಕೇಳಿಸ್ತು" ಎಂದ.

ನರಗುಂದದ ಗುಡ್ಡ ಕಾಣುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು ಔಷಧಿ ಯಾರು ತಂದುಕೊಡುತ್ತಾರೆ, ರಾತ್ರಿ ಜೊತೆಗೆ ಯಾರು ಮಲಗುತ್ತಾರೆ ಎಂದು ಒಂದೊಂದಾಗಿ ಕೇಳಿದ. ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಕೆಲವಕ್ಕೆ ಅವನು ಒಪ್ಪಲಿಲ್ಲ. ಕೆರೂರಿನ ತನಕ ವಾದ ನಡೆಯಿತು, ದನಿ ಏರಿಸದೆ. ಸಂಜೆ ಸೇತುವೆ ಹತ್ತಿದಾಗ ಬೆಸುಗೆಗಳು ಮೊದಲಿನಂತೆಯೇ ಬಡಿದವು. ಅದಕ್ಕೆ ಟೈರೂ ಇಲ್ಲ, ಮ್ಯಾಟೂ ಇಲ್ಲ. ಖಾಲಿ ಗಡಿಗೆ ನನ್ನ ಕಾಲಬಳಿ ಪೊಳ್ಳಾಗಿ ಗುಂಯ್‌ಗುಟ್ಟಿತು. "ವಾಪಸ್ ಹೋಗುವಾಗ ಎರಡು ಗಡಿಗಿ ಒಯ್ಯತೀನಿ" ಎಂದ ಮಗ, "ನಿನ್ನ ಸೀಟು ಖಾಲಿ ಇರತೈತಲ್ಲ."